ಜನವರಿ ಮೂವತ್ತರ ಪ್ರಾರ್ಥನೆ

ಜನವರಿ 30 ಬಂತೆಂದರೆ ಕನ್ನಡ ಶಾಲೆಗಳಲ್ಲಿ ಕಲಿತ ನಮ್ಮ ಪೀಳಿಗೆಯವರಿಗೆ ಒಂದು ಹಾಡು ತಾನಾಗಿಯೇ ನಾಲಗೆಗೆ ಬರುತ್ತದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡು ನಿಮಿಷದ ಮೌನ. ಅದಾದ ಮೇಲೆ ‘ಕರುಣಾಳು ಬಾ ಬೆಳಕೆ’. ಅಂಗಳದ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಅದನ್ನು ಹಾಡಿದಾಗಲೇ ಮಹಾತ್ಮರ ಸಾವು ನಮ್ಮ ಎಳೆಯ ಮನಸ್ಸಿಗೆ ತಾಗಿದ್ದು. ಕನ್ನಡಕ್ಕೆ ತಂದವರು ಬಿ.ಎಂ.ಶ್ರೀಕಂಠಯ್ಯನವರು ಎಂದು ಗುರುಗಳು ಹೇಳಿಕೊಡುತ್ತಿದ್ದರು. ಮೂಲ ಕವಿಯ ಹೆಸರನ್ನು ಹೇಳಿದವರು ಮಾತ್ರ ಕಡಿಮೆ.

ಆ ಕವಿ ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಅವರಿನ್ನೂ ಆಂಗ್ಲಿಕನ್ ಸಭೆಯ ಗುರು. ಸಿಸಿಲಿ ದ್ವೀಪದಲ್ಲಿ ಜ್ವರ ಹಿಡಿದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಚೇತರಿಸಿಕೊಂಡ ಮೇಲೆ ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದನ್ನೇರಿ ಊರಿನತ್ತ ಹೊರಟರೆ, ಕಾರ್ಸಿಕಾ ಮತ್ತು ಸಾರ್ಡಿನಿಯಾಗಳ ನಡುವಿನ ಜಲಸಂಧಿಯಲ್ಲಿ ಗಾಳಿಯೇ ನಿಂತುಹೋಯಿತು. ಹಡಗು ಮುಂದೆ ಚಲಿಸದೆ ನಿಂತ ಆ ದಿನಗಳಲ್ಲಿ, ಜೂನ್ 16ರಂದು, ಈ ಪ್ರಾರ್ಥನೆ ಹುಟ್ಟಿತು. ದೂರದ ದಾರಿಯನ್ನೆಲ್ಲ ಕಾಣಿಸೆಂದು ಕವಿ ಬೇಡುವುದಿಲ್ಲ. ಮುಂದಿನ ಒಂದು ಹೆಜ್ಜೆಗೆ ಬೆಳಕು ಸಿಕ್ಕರೆ ಅವರಿಗೆ ಸಾಕು. 1845ರಲ್ಲಿ ಕಥೋಲಿಕ ಸಭೆಯನ್ನು ಸೇರಿದ ಅವರು 1879ರಲ್ಲಿ ಕಾರ್ಡಿನಲ್ ಆದರು. 2019ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಗಾಂಧೀಜಿಯವರಿಗೆ ಈ ಗೀತೆ ಪ್ರಾಣಪ್ರಿಯವಾಗಿತ್ತು. ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಅನುವಾದವನ್ನು ಅವರ ಆಶ್ರಮದಲ್ಲಿ ಹಾಡುತ್ತಿದ್ದರು. ‘ಒಂದು ಹೆಜ್ಜೆ ಸಾಕು’ ಎಂಬ ಭಾವ ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬದುಕಿನ ಕೊನೆಯ ತಿಂಗಳಿನಲ್ಲಿ ಆ ಒಂದೊಂದು ಹೆಜ್ಜೆಯೂ ಎಷ್ಟು ದುಬಾರಿಯಾಗಿತ್ತು! ದೆಹಲಿಯ ಪ್ರಾರ್ಥನಾ ಸಭೆಗಳಲ್ಲಿ ಗೀತೆಯ ಜೊತೆಗೆ ಕುರಾನನ್ನೂ ಓದಿಸುತ್ತಾರೆಂದು ಸಿಡುಕಿದವರಿದ್ದರು. ಯಾರಾದರೂ ಆಕ್ಷೇಪಿಸಿದರೆ ಪ್ರಾರ್ಥನೆಯನ್ನೇ ನಿಲ್ಲಿಸಿದ ಸಂಜೆಗಳುಂಟು. ಕೋಮು ಸೌಹಾರ್ದಕ್ಕಾಗಿ 1948ರ ಜನವರಿ 13ರಿಂದ 18ರವರೆಗೆ ಉಪವಾಸ ಮಾಡಿದರು. 20ರಂದು ಪ್ರಾರ್ಥನಾ ಸ್ಥಳದಲ್ಲೇ ಬಾಂಬು ಸಿಡಿಯಿತು. ಆದರೂ ಪ್ರಾರ್ಥನೆಗೆ ಬರುವವರ ಮೈ ತಡವಿ ನೋಡಲು ಅವರು ಒಪ್ಪಲಿಲ್ಲ. 30ರ ಸಂಜೆ ಸರ್ದಾರ್ ಪಟೇಲರೊಡನೆ ಮಾತು ಬೆಳೆದು ಹೊತ್ತಾಗಿತ್ತು. ಮನು ಮತ್ತು ಆಭಾ ಅವರ ಹೆಗಲ ಮೇಲೆ ಕೈಯಿರಿಸಿ ಬಿರಬಿರನೆ ನಡೆದು ಬಂದವರ ಎದೆಗೆ ಮೂರು ಗುಂಡುಗಳು ಬಿದ್ದವು.

ಆ ರಾತ್ರಿಯನ್ನು ನಮ್ಮ ಅಜ್ಜಿ ತೇರ್ಸ್ ಮುಗಿದ ಮೇಲೆ ಆಗಾಗ ನೆನೆಯುತ್ತಿದ್ದರು. ಊರಿಗೆಲ್ಲ ಒಂದೇ ರೇಡಿಯೋ, ಅದೂ ಪೇಟೆಯ ಅಂಗಡಿಯಲ್ಲಿ. ಸುದ್ದಿ ತಂದವನು ಅಂಗಳದಲ್ಲಿ ನಿಂತು ‘ಗಾಂಧೀಜಿಯನ್ನು ಕೊಂದರಂತೆ’ ಎಂದಾಗ ಅಜ್ಜನ ಬಾಯಿಂದ ಹೊರಟ ಮೊದಲ ಮಾತು, ‘ಯಾರು ಕೊಂದದ್ದು?’ ಅಂದು ಶುಕ್ರವಾರ, ಮಾಂಸವಿಲ್ಲದ ದಿನ. ಬಡಿಸಿದ ಗಂಜಿ ಬಟ್ಟಲಲ್ಲೇ ಆರಿತು. ನೆರೆಯ ಬ್ಯಾರಿ ಕುಟುಂಬ ಬಾಗಿಲು ಮುಚ್ಚಿ ದೀಪ ನಂದಿಸಿತ್ತು. ಕೊಂದವನು ನಮ್ಮ ಪೈಕಿಯವನಾಗದಿರಲಿ, ನೆರೆಮನೆಯವರ ಪೈಕಿಯವನೂ ಆಗದಿರಲಿ ಎಂದು ಅಜ್ಜಿ ದೇವಮಾತೆಯನ್ನು ಬೇಡಿದರಂತೆ. ‘ಸತ್ತವರ ಆತ್ಮಕ್ಕೆ ಬೇಡುವ ಮೊದಲು ನಮ್ಮ ತಲೆ ಉಳಿಯಲೆಂದು ಬೇಡಿದೆವಲ್ಲ ಮಗಾ’ ಎನ್ನುವಾಗ ಅವರ ದನಿ ತಗ್ಗುತ್ತಿತ್ತು. ಶಾಲೆಯ ಮೌನದಲ್ಲಿ ಕೇಳಿಸದ ಸಂಗತಿ ಇದು. ಅಲ್ಪಸಂಖ್ಯಾತರ ಮನೆಗಳಲ್ಲಿ ಅಂದು ಶೋಕಕ್ಕಿಂತ ಮೊದಲು ಭಯ ಒಳಬಂದಿತ್ತು.

ಆ ಭಯ ಪೊಳ್ಳಾಗಿರಲಿಲ್ಲ. ಕೊಂದವನು ಮುಸಲ್ಮಾನನೆಂಬ ಕೂಗು ಬಿರ್ಲಾ ಭವನದ ಗುಂಪಿನಲ್ಲೇ ಎದ್ದಿತ್ತು. ಕೊಂದವನು ಹಿಂದೂ ಎಂದು ಮೌಂಟ್‌ಬ್ಯಾಟನ್ನರು ಅಲ್ಲೇ ಗಟ್ಟಿಯಾಗಿ ಹೇಳಿ ಆ ಕೂಗನ್ನು ಅಡಗಿಸಿದರು. ಆ ಕ್ಷಣಕ್ಕೆ ಅವರಿಗೂ ಅದು ಖಚಿತವಿರಲಿಲ್ಲವೆಂದು ಹೇಳುತ್ತಾರೆ. ಆಕಾಶವಾಣಿಯೂ ಅದನ್ನು ಬೇಗನೆ ಸ್ಪಷ್ಟಪಡಿಸಿತು. ಇಷ್ಟಾದರೂ ಬೆಂಕಿ ಆರಲಿಲ್ಲ. ಹಂತಕನ ಜಾತಿ ತಿಳಿಯುತ್ತಲೇ ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಕಡೆ ಬ್ರಾಹ್ಮಣರ ಮನೆಗಳು ಉರಿದವು. ಏನೂ ಅರಿಯದ ಆ ಮನೆಯವರು ಅಹಿಂಸೆಯ ಗುರುವಿನ ಹೆಸರಿನಲ್ಲೇ ಹಿಂಸೆಯನ್ನುಂಡರು. ಅಜ್ಜನ ಬಾಯಿಂದ ಬಂದ ಪ್ರಶ್ನೆಯೇ ಅಲ್ಲಿ ಕೊಳ್ಳಿಯಾಗಿತ್ತು.

ಬದುಕಿನಿಂದ ಬೆಳಕು ಹೋಯಿತೆಂದು ನೆಹರೂ ಅವರು ಅಂದು ರಾತ್ರಿ ರೇಡಿಯೋದಲ್ಲಿ ಹೇಳಿದರು. ಒಡನೆಯೇ ತಮ್ಮ ಮಾತನ್ನು ತಾವೇ ತಿದ್ದಿ, ಅದು ಆರುವ ಬೆಳಕಲ್ಲ ಎಂದರು. ಶ್ರೀಕಂಠಯ್ಯನವರು ಅದನ್ನು ಕೇಳಲು ಉಳಿದಿರಲಿಲ್ಲ, 1946ರಲ್ಲೇ ತೀರಿಕೊಂಡಿದ್ದರು. ತಾವು ಕನ್ನಡಿಸಿದ ಪ್ರಾರ್ಥನೆ ಗಾಂಧೀಜಿಯವರ ಸ್ಮರಣೆಯ ಹಾಡಾಗಿ ಮಕ್ಕಳ ನಾಲಗೆಯಲ್ಲಿ ನಿಂತದ್ದನ್ನು ಅವರು ಕಾಣಲಿಲ್ಲ.

ಬಿರ್ಲಾ ಭವನ ಈಗ ಗಾಂಧಿ ಸ್ಮೃತಿ. 1973ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಅವರ ಕೋಣೆಯಿಂದ ಪ್ರಾರ್ಥನಾ ಸ್ಥಳದವರೆಗೆ ಆ ಕೊನೆಯ ನಡಿಗೆಯ ಗುರುತಾಗಿ ಹೆಜ್ಜೆಯಚ್ಚುಗಳನ್ನು ಮಾಡಿಟ್ಟಿದ್ದಾರೆ. ಹುಲ್ಲುಹಾಸಿನ ಪಕ್ಕದಲ್ಲಿ ಒಂದರ ಮುಂದೊಂದು ಸಾಗುವ ಅವು ಗುಂಡು ತಗುಲಿದ ಜಾಗದಲ್ಲಿ ನಿಲ್ಲುತ್ತವೆ.