ಮನೆಯಂಗಳಕ್ಕೆ ಯಾವ ದ್ರಾಕ್ಷಿ?



ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಇತ್ತೀಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. "ಮನೆಯ ಮುಂದೆ ದ್ರಾಕ್ಷಿ ಬಳ್ಳಿ ಹಬ್ಬಿಸಬೇಕೆಂದಿದ್ದೇವೆ, ಯಾವ ಜಾತಿ ಒಳ್ಳೆಯದು?" ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ಮಾತು ಇದಲ್ಲ. ಅಲ್ಲದೆ, ಈ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕಂಡುಕೊಂಡು ಎರಡು ವರ್ಷದ ಶ್ರಮ ಕಳೆದುಕೊಂಡವನು. ಆದುದರಿಂದ ಆ ತಪ್ಪನ್ನೂ ಅದರಿಂದ ಕಲಿತದ್ದನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸಮೀರವಾಡಿಯ ಚಪ್ಪರ

ನನ್ನ ಮಗಳು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿದ್ದಾಳೆ. ಅಳಿಯಂದಿರಿಗೆ ಅಲ್ಲಿ ಕೆಲಸ. ಅದು ಸಕ್ಕರೆ ಕಾರ್ಖಾನೆಯ ಊರು, ಸುತ್ತ ಕಣ್ಣು ಹಾಯುವಷ್ಟು ದೂರ ಕಬ್ಬು. 2020ರ ಫೆಬ್ರವರಿಯಲ್ಲಿ ನಾವು ದಂಪತಿಗಳು ಹೋಗಿದ್ದಾಗ, ಅವರ ಮನೆಯ ಹಿತ್ತಿಲಿನ ಚಪ್ಪರದಲ್ಲಿ ಹಸಿರು ಹೊಂಬಣ್ಣದ ಬೀಜವಿಲ್ಲದ ದ್ರಾಕ್ಷಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಮೊಮ್ಮಗಳು ಕುರ್ಚಿ ಹತ್ತಿ ಕಿತ್ತು ತಿನ್ನುತ್ತಿದ್ದಳು. ಅದನ್ನು ಕಂಡ ನನ್ನ ಮನೆಯವರು, "ಇದರದ್ದೇ ಎರಡು ಬಳ್ಳಿ ನಮ್ಮ ಅಂಗಳದಲ್ಲಿದ್ದರೆ ಮಗು ಬೇಸಿಗೆಗೆ ಬಂದಾಗ ತಿಂದೀತು" ಎಂದರು. ಜಾತಿಯ ಆಯ್ಕೆ ಅಲ್ಲಿಗೇ ಮುಗಿಯಿತು!

ಪಕ್ಕದ ಮನೆಗೆ ಜಮಖಂಡಿ ಕಡೆಯ ಹಿರಿಯ ದ್ರಾಕ್ಷಿ ಬೆಳೆಗಾರರೊಬ್ಬರು ಬಂದಿದ್ದರು. ಕಡ್ಡಿ ಒಯ್ಯುವ ನಮ್ಮ ಆಲೋಚನೆಯನ್ನು ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕಡೆ ಮಳಿ ಎಷ್ಟ್ ತಿಂಗಳ ಹೊಡೀತೈತ್ರೀ?" ಐದು ತಿಂಗಳು ಎಂದೆ. "ಹಂಗಾರ ಒಯ್ಯಬ್ಯಾಡ್ರೀ ಸಾಹೇಬ್ರ, ಉಳಿಯಾಂಗಿಲ್ಲ" ಎಂದರು. ಅಡಿಕೆ, ಕಾಫಿಯನ್ನು ಬೆಳೆಸಿದ ಕೈಗೆ ಎರಡು ಬಳ್ಳಿ ದೊಡ್ಡದೇ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್‌ನಲ್ಲಿ ನೆಟ್ಟೆವು. 2021ರ ಅಕ್ಟೋಬರಿನಲ್ಲಿ ಮೊದಲ ಸಲ ಸವರಿದಾಗ ಚಿಗುರೂ ಬಂತು, ಹೂಗೊಂಚಲೂ ಕಂಡಿತು. ಆ ವರ್ಷದ ನವೆಂಬರಿನ ಅಕಾಲ ಮಳೆಯನ್ನು ಯಾರೂ ಮರೆತಿರಲಾರಿರಿ. ಕಣದಲ್ಲಿದ್ದ ಕಾಫಿಯೂ ಅಡಿಕೆಯೂ ನೆನೆದು ಹೋದವು. ಅದೇ ಮಳೆಯಲ್ಲಿ ನಮ್ಮ ಹೂಗೊಂಚಲುಗಳು ಒಂದೂ ಉಳಿಯದಂತೆ ಕರಗಿದವು. ಮುಂದಿನ ಮಳೆಗಾಲ ಎಲೆಯೆಲ್ಲ ಉದುರಿಸಿ ಕಡ್ಡಿಯ ಮೇಲೆ ಕಪ್ಪು ಕುಳಿಗಳನ್ನು ಬಿಟ್ಟಿತು. 2022ರ ಅಕ್ಟೋಬರಿನಲ್ಲಿ ಎರಡನ್ನೂ ಕಿತ್ತೆ. ದಿನವೂ ನೀರು ಹೊತ್ತು ಹಾಕಿದವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಹಿರಿಯರ ಪ್ರಶ್ನೆ ನೆನಪಾಯಿತು.

ಮಳೆಯೇ ಜಾತಿಯನ್ನು ಆರಿಸುತ್ತದೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 22 ಇಂಚು. ನಮ್ಮ ಕೊಪ್ಪ ಕಡೆ 100 ಇಂಚಿಗೂ ಮಿಕ್ಕಿ. ದ್ರಾಕ್ಷಿಯ ಮುಖ್ಯ ಶತ್ರುಗಳಾದ ಬೂಜು ತುಪ್ಪಟ ರೋಗ (ಬೆಳೆಗಾರರು ಡೌನಿ ಎನ್ನುವುದು ಇದನ್ನೇ) ಮತ್ತು ಚಿಬ್ಬು ರೋಗ ಎರಡೂ ಎಲೆ ಒದ್ದೆಯಾಗಿರುವಾಗ ಹರಡುವಂಥವು. ಡೌನಿಯಲ್ಲಿ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ತೊಟ್ಟಿಕ್ಕಿದಂಥ ಹಳದಿ ಮಚ್ಚೆ, ಕೆಳಭಾಗದಲ್ಲಿ ಬಿಳಿ ಬೂಜು. ಚಿಬ್ಬಿನಲ್ಲಿ ಎಳೆ ಕಡ್ಡಿ, ಎಲೆ, ಕಾಯಿಗಳ ಮೇಲೆ ಕಪ್ಪು ಅಂಚಿನ ಕುಳಿಗಳು.

ಅಡಿಕೆ ಬೆಳೆಗಾರರಿಗೆ ಡೌನಿ ಪೂರ್ತಿ ಅಪರಿಚಿತವೇನಲ್ಲ. ನಮ್ಮ ಕೊಳೆರೋಗದ ಜೀವಿಯೂ ಇದೂ ಒಂದೇ ಕುಲದ ದಾಯಾದಿಗಳು. ನಾವು ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಯ ಡೌನಿಗಾಗಿ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಲ್ಲಿ ಎಲೆ ಉಳಿದಿರುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅದನ್ನು ಮಲೆನಾಡಿನ ಅಡಿಕೆ ತೋಟಕ್ಕೆ ತಂದರು. ಅಂದರೆ ದ್ರಾಕ್ಷಿಗೆ ಬೇಕಾದ ಮುಖ್ಯ ಔಷಧಿಯೂ ಅದನ್ನು ಹೊಡೆಯುವ ಅಭ್ಯಾಸವೂ ನಮ್ಮ ಮನೆಯಲ್ಲೇ ಇವೆ. ಆದರೆ ಔಷಧಿ ಇದೆಯೆಂದು ಯಾವ ಜಾತಿಯನ್ನಾದರೂ ಹಾಕಬಹುದು ಎಂದಲ್ಲ. ಕಾಫಿಯಲ್ಲಿ ಲೋಟದ ರುಚಿಯೊಂದನ್ನೇ ನೋಡಿ ನಾವು ಅರೇಬಿಕಾ ಹಾಕುತ್ತೇವೆಯೆ? ಎತ್ತರ, ನೆರಳು, ಎಲೆತುಕ್ಕು, ಕಾಂಡಕೊರಕ ಎಲ್ಲ ಯೋಚಿಸಿ ತಾನೆ?

ಜಾತಿಗಳ ಗುಣ

ಥಾಮ್ಸನ್ ಸೀಡ್‌ಲೆಸ್ ಬಳಗ: ಅಂಗಡಿಯಲ್ಲಿ ನಾವು ಕೊಳ್ಳುವ ಹಸಿರು, ಬೀಜರಹಿತ ದ್ರಾಕ್ಷಿ ಹೆಚ್ಚಾಗಿ ಈ ಬಳಗದ್ದು. ತಾಸ್-ಎ-ಗಣೇಶ್, ಸೊನಾಕಾ, ಮಾಣಿಕ್ ಚಮನ್ ಇವು ಥಾಮ್ಸನ್‌ನಿಂದಲೇ ಬಂದ ಆಯ್ಕೆಗಳು. ನಾವು ತಾಯಿಮರ ಗುರುತಿಸಿ ಅಡಿಕೆ ಬೀಜ ಇಡುವಂತೆ, ಗಡಿಯಾಚೆಯ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳ ರೈತರು ತಮ್ಮ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಗಳನ್ನು ಆರಿಸಿ ಬೆಳೆಸಿದವು. ರುಚಿಗೆ, ಒಣದ್ರಾಕ್ಷಿಗೆ ಇವನ್ನು ಮೀರಿಸುವುದು ಕಷ್ಟ. ಆದರೆ ಡೌನಿ, ಚಿಬ್ಬು, ಬೂದಿ ಮೂರಕ್ಕೂ ಸುಲಭವಾಗಿ ತುತ್ತಾಗುತ್ತವೆ. ಇನ್ನೊಂದು ವಿಷಯ: ಅಂಗಡಿಯ ಹಣ್ಣಿನ ಗಾತ್ರ ಬರುವುದು ಗೊಂಚಲಿಗೆ ಜಿಬ್ಬರೆಲಿಕ್ ಆಮ್ಲದ ಉಪಚಾರ ಮಾಡುವುದರಿಂದ. ಅದಿಲ್ಲದೆ ಮನೆಯಲ್ಲಿ ಬೆಳೆದರೆ ಕಾಯಿ ಸಣ್ಣದಾಗಿಯೇ ಉಳಿಯುತ್ತದೆ.

ಶರದ್ ಸೀಡ್‌ಲೆಸ್: ಕಪ್ಪು, ಬೀಜರಹಿತ, ಬಹಳ ಸಿಹಿ. ಇದೂ ಸೊಲ್ಲಾಪುರ ಕಡೆಯ ಆಯ್ಕೆ, ಒಣ ಹವೆಗೇ ಒಗ್ಗುವಂಥದ್ದು.

ಅನಾಬ್-ಎ-ಶಾಹಿ: ಹೈದರಾಬಾದಿನಿಂದ ಪ್ರಸಿದ್ಧವಾದ ದೊಡ್ಡ ಗೊಂಚಲಿನ, ಬೀಜವುಳ್ಳ ಬಿಳಿ ದ್ರಾಕ್ಷಿ. ಇಳುವರಿ ಬಹಳ. ಡೌನಿಯೂ ಬಹಳ.

ಗುಲಾಬಿ: ತಮಿಳುನಾಡಿನ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಇದೇ. ಸಣ್ಣ ಕಾಯಿ, ಬೀಜ, ಒಳ್ಳೆಯ ಪರಿಮಳ. ಮಳೆಗೆ ಕಾಯಿ ಒಡೆಯುವುದು ಕಡಿಮೆ, ಆದರೆ ತುಕ್ಕು ಮತ್ತು ಡೌನಿ ಬಾಧೆ ಉಂಟು.

ಬೆಂಗಳೂರು ನೀಲಿ: ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಹಳೆಯ ಜಾತಿ. 2013ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಇದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿರುವುದರಿಂದ ಬಳ್ಳಿ ಗಟ್ಟಿ, ಸಿಪ್ಪೆ ದಪ್ಪ. ಚಿಬ್ಬು ರೋಗವನ್ನು ಚೆನ್ನಾಗಿ ತಡೆಯುತ್ತದೆ. ಡೌನಿ ಬರುತ್ತದೆ, ಆದರೆ ಬೋರ್ಡೋದಿಂದ ಹತೋಟಿಯಲ್ಲಿಡಬಹುದು. ಬೀಜವಿದೆ, ಹುಳಿಯಿದೆ, ತನ್ನದೇ ಒಂದು ಘಾಟು ವಾಸನೆಯಿದೆ. ತಿನ್ನಲು ಎಲ್ಲರಿಗೂ ಹಿಡಿಸದಿದ್ದರೂ ರಸಕ್ಕೆ ಉತ್ತಮ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ನೀಲಮಣಿ ಎಂಬ ಕಪ್ಪು, ಬೀಜರಹಿತ ಮಿಶ್ರತಳಿಯೂ ಇದೆ. ಇದು ಚಿಬ್ಬನ್ನು ಸಾಕಷ್ಟು ತಾಳಿಕೊಳ್ಳುತ್ತದೆ.

ಹಾಗಾದರೆ ಯಾರು ಯಾವುದನ್ನು ಹಾಕಬೇಕು?

ಕೊಪ್ಪ, ಶೃಂಗೇರಿ, ಮೂಡಿಗೆರೆ, ತೀರ್ಥಹಳ್ಳಿಯಂಥ ಗಟ್ಟಿ ಮಳೆಯ ಕಡೆ ಬೆಂಗಳೂರು ನೀಲಿಯನ್ನೇ ಹಾಕುವುದು ಸೂಕ್ತ. ಆಸೆಯಿದ್ದವರು ಒಂದು ಬಳ್ಳಿ ಅರ್ಕಾ ನೀಲಮಣಿಯನ್ನು ಪ್ರಯೋಗಕ್ಕೆಂದು ಹಾಕಿ ನೋಡಬಹುದು, ಅದರ ಮೇಲೆ ಭರವಸೆ ಇಟ್ಟಲ್ಲ. ತರೀಕೆರೆ, ಕಡೂರು, ಚನ್ನಗಿರಿಯ ಬಯಲು ಮುಖದ ಅಡಿಕೆ ಬೆಳೆಗಾರರು ಮಾಣಿಕ್ ಚಮನ್ ಅಥವಾ ಶರದ್ ಹಾಕಬಹುದು. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಮಾಡಿದ ಸಸಿಯನ್ನೇ ಕೇಳಿ. ಸವಳು ಭೂಮಿಯನ್ನೂ ನೀರಿನ ಕೊರತೆಯನ್ನೂ ಅದು ತಾಳುತ್ತದೆ.

ಸಸಿ ಕೊಳ್ಳುವಾಗ ಎಲೆ ಮಗುಚಿ ನೋಡಿ. ಬೆಂಗಳೂರು ನೀಲಿಯ ಎಲೆ ದಪ್ಪ, ಕೆಳಭಾಗದಲ್ಲಿ ಬೆಳ್ಳನೆಯ ತುಪ್ಪಟವಿರುತ್ತದೆ. ಥಾಮ್ಸನ್ ಬಳಗದ ಎಲೆ ಎರಡೂ ಕಡೆ ನುಣುಪು. ಹೆಸರು ಹೇಳಲು ತಡವರಿಸುವವರಲ್ಲಿ ಸಸಿ ಕೊಳ್ಳಬೇಡಿ.

ನೆಡುವುದು ಮತ್ತು ಸವರುವುದು

ಜಾಗಕ್ಕೆ ದಿನವಿಡೀ ಬಿಸಿಲು ಬೇಕು. ತೋಟದೊಳಗೆ, ಸಿಲ್ವರ್ ಮರದಡಿ ದ್ರಾಕ್ಷಿ ಕಾಯಿ ಬಿಡುವುದಿಲ್ಲ. ಅಡಿಕೆ ಒಣಗಿಸುವ ಕಣಕ್ಕೆ ನೆರಳು ಬೀಳದಂತೆ ಅಂಗಳದ ಒಂದು ಬದಿ ಆರಿಸಿರಿ. ಎರಡೂವರೆ ಅಡಿ ಗುಂಡಿ, ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು. ಹುಳಿಮಣ್ಣಾದ್ದರಿಂದ ಸ್ವಲ್ಪ ಸುಣ್ಣ. ಗುಂಡಿ ತುಂಬಿದ ಮೇಲೆ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ, ಪಕ್ಕದಲ್ಲಿ ಬಸಿಗಾಲುವೆ ತೆಗೆಯಿರಿ. ಬೆಂಗಳೂರು ನೀಲಿಗೆ ಕಸಿ ಬೇಡ. ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿನ ಕಡ್ಡಿ ಬೇರು ಬಿಡುತ್ತದೆ. ನಾನು ಜೂನ್‌ನಲ್ಲಿ ನೆಟ್ಟದ್ದೂ ತಪ್ಪೇ. ಮಳೆ ಹಿಂದಾದ ಮೇಲೆ, ಅಕ್ಟೋಬರ್ ಕೊನೆಗೆ ನೆಡುವುದು ಮೇಲು.

ಚಪ್ಪರಕ್ಕೆ ಕಲ್ಲುಕಂಬ, ತಂತಿ, ಅಡಿಕೆ ದಬ್ಬೆ ಸಾಕು. ಎತ್ತರ ಏಳಡಿ, ಬಳ್ಳಿಯೊಂದಕ್ಕೆ ಉದ್ದಗಲ ಹತ್ತು ಅಡಿ. ಒಂದೇ ಕಾಂಡವನ್ನು ಚಪ್ಪರದವರೆಗೆ ಒಯ್ದು ಅಲ್ಲಿ ತುದಿ ಚಿವುಟಿ ಎರಡು ತೋಳು ಬಿಡಿಸಿರಿ.

ಚಳಿದೇಶದಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಮಲಗುವುದಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಸವರಬೇಕು. ಉತ್ತರ ಕರ್ನಾಟಕದವರು ಇದನ್ನು ಚಾಟ್ನಿ ಎನ್ನುತ್ತಾರೆ. ಅವರು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಮಾಡುತ್ತಾರೆ. ಮೊದಲನೆಯದು ಕಡ್ಡಿ ಬೆಳೆಸಲು, ಎರಡನೆಯದು ಹಣ್ಣಿಗೆ.

ನಮಗೆ ಈ ಪಂಚಾಂಗ ಸ್ವಲ್ಪ ಮುಂಚೆಯಾಗಬೇಕು. ಬೇಸಿಗೆಯ ಸವರುವಿಕೆಯ ನಂತರ ಸುಮಾರು ಐದರಿಂದ ಒಂಬತ್ತನೆಯ ವಾರದೊಳಗೆ ಕಡ್ಡಿಯ ಕಣ್ಣಿನಲ್ಲಿ ಮುಂದಿನ ಹೂ ರೂಪುಗೊಳ್ಳುತ್ತದೆ. ಆಗ ಬಿಸಿಲು ಅತ್ಯವಶ್ಯ. ಏಪ್ರಿಲ್ ಕೊನೆಗೆ ಸವರಿದರೆ ಆ ದಿನಗಳು ಜೂನ್ ಮೋಡದಲ್ಲಿ ಕಳೆದುಹೋಗುತ್ತವೆ. ಮಾರ್ಚ್ ಮಧ್ಯದಲ್ಲಿ ಒಂದೆರಡು ಕಣ್ಣು ಬಿಟ್ಟು ಸವರಿದರೆ ಮಳೆಗೆ ಮೊದಲೇ ಆ ಕೆಲಸ ಮುಗಿಯುತ್ತದೆ. ಆಗ ಬೆಂಗಳೂರು ನೀಲಿ ಹೂಗೊಂಚಲನ್ನೂ ಹೊರಡಿಸುತ್ತದೆ. ಚಿಕ್ಕಬಳ್ಳಾಪುರದವರು ಅದನ್ನೂ ಬೆಳೆಯಾಗಿ ತೆಗೆಯುತ್ತಾರೆ. ನಮ್ಮಲ್ಲಿ ಅದು ಮಳೆಗಾಲದ ನಡುವೆ ಹಣ್ಣಾಗುವುದರಿಂದ ಕಿತ್ತುಹಾಕುವುದೇ ಲೇಸು.

ಹಣ್ಣಿನ ಸವರುವಿಕೆ ಅಕ್ಟೋಬರ್ ಮಧ್ಯದಲ್ಲಿ, ನಾಲ್ಕೈದು ಕಣ್ಣು ಬಿಟ್ಟು. ಅಲ್ಲಿಂದ ಸುಮಾರು ನಾಲ್ಕೂವರೆ ತಿಂಗಳಿಗೆ, ಎಂದರೆ ಫೆಬ್ರವರಿ ಕೊನೆಗೆ, ಹಣ್ಣು. ತಡಮಾಡಿದರೆ ಇನ್ನೊಂದು ಸಂಕಟವಿದೆ. ಕಾಫಿಗೆ ನಾವು ಕಾದು ಕೂರುವ ಹೂಮಳೆಯೇ ಹಣ್ಣಾದ ದ್ರಾಕ್ಷಿಗೆ ಕೇಡು. ಹೂಮಳೆಗೆ ಮೊದಲು ಗೊಂಚಲು ಇಳಿಯಬೇಕು.

ಔಷಧಿ

ಶೇ. 1ರ ಬೋರ್ಡೋ, ಎಂದರೆ ಮನೆಬಳಕೆಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರು. ಮೇ ಕೊನೆಗೆ ಒಮ್ಮೆ, ಮಳೆಗಾಲದಲ್ಲಿ ಹೊಳವು ಸಿಕ್ಕಾಗ ಮೂರು ವಾರಕ್ಕೊಮ್ಮೆ. ಅಡಿಕೆಗೆ ಹೊಡೆಯುವ ದಿನ ಒಂದು ಕೈ ಬಳ್ಳಿಗೂ ಹೊಡೆದರಾಯಿತು, ಎಲೆಯ ಕೆಳಭಾಗಕ್ಕೆ ತಾಗಬೇಕು. ಎರಡೂ ಸಲ ಸವರಿದ ಕೂಡಲೆ ಬರಿ ಕಡ್ಡಿಗೂ ಹೊಡೆಯಬೇಕು. ಎಳೆ ಚಿಗುರಿಗೆ ಅರ್ಧ ಪ್ರಮಾಣ. ಹೂ ಬಿಡುವಾಗಲೂ ಹಣ್ಣು ಕೀಳುವ ಹಿಂದಿನ ಒಂದು ತಿಂಗಳೂ ಬೇಡ. ಡಿಸೆಂಬರ್-ಜನವರಿಯಲ್ಲಿ ಬೂದಿ ರೋಗ ಕಂಡರೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ಸಿಂಪಡಿಸಿರಿ. ಹಕ್ಕಿ, ಬಾವಲಿಗಳಿಗೆ ಅಡಿಕೆಗೆ ಕೊಟ್ಟೆ ಕಟ್ಟುವಂತೆ ಗೊಂಚಲಿಗೆ ಬಟ್ಟೆಯ ಚೀಲ ಕಟ್ಟಬಹುದು. ಮಂಗಗಳಿಗೆ ನಾಯಿಯೊಂದೇ ಮದ್ದು.

ಕೊನೆಯ ಮಾತು

ಇದು ಅಂಗಳದ ಬೆಳೆ ಎಂಬುದನ್ನು ಮರೆಯಬಾರದು. ಅಡಿಕೆಗೆ ರೋಗ ಬಂದು ಬೇಸತ್ತ ಸದಸ್ಯರೊಬ್ಬರು ಅರ್ಧ ಎಕರೆ ತೋಟ ತೆಗೆದು ದ್ರಾಕ್ಷಿ ಹಾಕಲೇ ಎಂದು ಕೇಳಿದ್ದರು. ಬೇಡವೆಂದು ಕೈಮುಗಿದು ಹೇಳಿದೆ. ಒಣ ಹವೆಯ ವಿಜಯಪುರ, ಜಮಖಂಡಿಯವರೇ ಅಕಾಲ ಮಳೆಗೆ ತತ್ತರಿಸುವಾಗ, 100 ಇಂಚು ಮಳೆಯಲ್ಲಿ ಜೀವನವನ್ನು ಅದರ ಮೇಲೆ ಇಡುವುದು ಸಲ್ಲದು.

ನಾನು 2022ರಲ್ಲಿ ಎರಡು ಬೆಂಗಳೂರು ನೀಲಿ ಕಡ್ಡಿ ನೆಟ್ಟೆ. ಮೊದಲ ಫಸಲು 2025ರ ಫೆಬ್ರವರಿಯಲ್ಲಿ ಬಂತು. ಬೇಸಿಗೆ ರಜೆಗೆ ಸಮೀರವಾಡಿಯಿಂದ ಬಂದ ಮೊಮ್ಮಗಳಿಗೆ ಅಜ್ಜಿ ಕಾದಿರಿಸಿದ್ದ ರಸದ ಶರಬತ್ತು ಕೊಟ್ಟರು. "ನಮ್ಮನೆ ದ್ರಾಕ್ಷಿಯೇ ಸಿಹಿ" ಎಂದಳು, ಎರಡು ಲೋಟ ಕುಡಿದಳು. ಅವಳ ಮಾತು ನಿಜ. ಆದರೆ ಅವರ ದ್ರಾಕ್ಷಿ ಅವರ ಬಿಸಿಲಿನದು, ನಮ್ಮದು ನಮ್ಮ ಮಳೆಯನ್ನು ತಡೆದು ನಿಂತದ್ದು.

ಬರುವ ಅಕ್ಟೋಬರಿನಲ್ಲಿ ಬಳ್ಳಿ ಸವರಿದಾಗ ಕಡ್ಡಿಗಳು ದೊರೆಯುತ್ತವೆ. ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬಹುದು. ಬೆಲೆಯೇನೂ ಇಲ್ಲ.

— ಕಾರ್ಯದರ್ಶಿ