ಜನನ ಪ್ರಮಾಣಪತ್ರದ ದೋಷಗಳು ಮತ್ತು ಅವುಗಳ ತಿದ್ದುಪಡಿ

ಮನುಷ್ಯನು ಹುಟ್ಟಿದನೆಂಬುದಕ್ಕೆ ಅವನ ಇರವೇ ಸಾಕ್ಷಿಯೆನ್ನುತ್ತಿದ್ದ ಕಾಲ ಕಳೆದುಹೋಯಿತು. 1969ರ ಜನನ ಮರಣ ನೋಂದಣಿ ಅಧಿನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿಯು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್ ಮೊದಲಾದವುಗಳಲ್ಲಿ ಜನ್ಮದಿನಾಂಕವನ್ನೂ ಜನ್ಮಸ್ಥಳವನ್ನೂ ಸಿದ್ಧಪಡಿಸುವ ಆಧಾರ ಜನನ ಪ್ರಮಾಣಪತ್ರವೇ. ಹೀಗಿರುವಾಗ ಅದರಲ್ಲಿನ ಒಂದಕ್ಷರದ ತಪ್ಪೂ ವಿದ್ಯಾರ್ಥಿಯ ಮುಂದಿನ ಹಾದಿಗೆ ಅಡ್ಡಿಯಾಗಬಲ್ಲದು.

ದೋಷಗಳು ನುಸುಳುವ ಬಗೆ ಹಲವು. ಆಸ್ಪತ್ರೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ‘ವೀರಣ್ಣ’ ದಾಖಲೆಯಲ್ಲಿ ‘ಈರಣ್ಣ’ನಾಗುತ್ತಾನೆ, ತಂದೆಯ ಹೆಸರಿನ ಸ್ಥಳದಲ್ಲಿ ಅಜ್ಜನ ಹೆಸರು ಕುಳಿತುಬಿಡುತ್ತದೆ, ಮನೆತನದ ಹೆಸರು ಒಂದೆಡೆ ಇದ್ದು ಇನ್ನೊಂದೆಡೆ ಬಿಟ್ಟುಹೋಗುತ್ತದೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಉಂಟಾಗುವ ವ್ಯತ್ಯಾಸಗಳಂತೂ ಲೆಕ್ಕವಿಲ್ಲ.

ತಿದ್ದುಪಡಿಗೆ ಅಧಿನಿಯಮದ 15ನೆಯ ಪ್ರಕರಣವೇ ಆಧಾರ. ನಮೂದು ತಪ್ಪೆಂದು ತನಗೆ ಮನವರಿಕೆಯಾದಲ್ಲಿ ನೋಂದಣಾಧಿಕಾರಿಯು ಅದನ್ನು ಸರಿಪಡಿಸಬಹುದು. ಆದರೆ ಮೂಲ ನಮೂದನ್ನು ಅಳಿಸುವಂತಿಲ್ಲ. ಅಂಚಿನಲ್ಲಿ ಸರಿಯಾದ ವಿವರವನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ಅರ್ಜಿಯನ್ನು ಸಲ್ಲಿಸಬೇಕಾದುದು ಜನನವು ನೋಂದಣಿಯಾದ ಸ್ಥಳದಲ್ಲಿಯೇ ಹೊರತು ಕುಟುಂಬವು ಈಗ ವಾಸಿಸುವ ಊರಿನಲ್ಲಲ್ಲ. ಚೊಚ್ಚಲ ಹೆರಿಗೆ ತವರೂರಿನಲ್ಲಿ ಆಗುವ ರೂಢಿ ನಮ್ಮಲ್ಲಿರುವುದರಿಂದ ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ದೋಷಗಳಲ್ಲಿ ಎರಡು ವಿಧ. ಬರೆಹಗಾರನ ಕೈತಪ್ಪಿನಿಂದಾದ ಅಕ್ಷರದೋಷ ಮೊದಲನೆಯದು. ನೋಂದಣಾಧಿಕಾರಿಯು ವಿಚಾರಿಸಿ ಇದನ್ನು ಸರಿಪಡಿಸಬಹುದು. ದಿನಾಂಕ, ತಂದೆತಾಯಿಯರ ಹೆಸರು ಮುಂತಾದ ಮೂಲ ಸಂಗತಿಯೇ ತಪ್ಪಾಗಿರುವುದು ಎರಡನೆಯದು. ಇದಕ್ಕೆ, ದೋಷದ ಸ್ವರೂಪವನ್ನೂ ನಿಜಸಂಗತಿಯನ್ನೂ ತಿಳಿಸಿ, ವಿಷಯವನ್ನು ಬಲ್ಲ ಇಬ್ಬರು ವಿಶ್ವಾಸಾರ್ಹ ವ್ಯಕ್ತಿಗಳು ಘೋಷಣೆ ಮಾಡಬೇಕಾಗುತ್ತದೆ. ಹೆರಿಗೆಯಾದ ಆಸ್ಪತ್ರೆಯ ದಾಖಲೆಯಂತಹ, ಅಂದೇ ಬರೆದ ಆಧಾರವಿದ್ದರೆ ಅರ್ಜಿಗೆ ಬಲ ಬರುತ್ತದೆ. ಅರ್ಜಿಯನ್ನು ತಳ್ಳಿಹಾಕಿದಲ್ಲಿ, ಆದೇಶ ಕೈಸೇರಿದ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವನ್ನು 2023ರ ತಿದ್ದುಪಡಿಯು ಒದಗಿಸಿದೆ.

ನಾಮಕರಣಕ್ಕೆ ಮುನ್ನವೇ ನೋಂದಣಿಯಾಗಿ ಹೆಸರಿನ ಸ್ಥಳ ಖಾಲಿ ಉಳಿದಿದ್ದರೆ ಅದು ದೋಷವಲ್ಲ, ಕೊರತೆ ಮಾತ್ರ. 12 ತಿಂಗಳೊಳಗಾದರೆ ಶುಲ್ಕವಿಲ್ಲದೆ, ಆ ಬಳಿಕ 15 ವರ್ಷಗಳವರೆಗೆ ವಿಳಂಬ ಶುಲ್ಕ ತೆತ್ತು ಹೆಸರನ್ನು ಸೇರಿಸಬಹುದು. ಆದರೆ ಸರಿಯಾಗಿಯೇ ದಾಖಲಾದ ಹೆಸರನ್ನು ಮನಸ್ಸಿಗೆ ಬಂದಂತೆ ಬದಲಿಸುವುದು ತಿದ್ದುಪಡಿ ಎನಿಸದು.

ಇನ್ನು ಶಾಲೆಗೆ ಸಂಬಂಧಿಸಿದ ಮಾತು. ಹಿಂದೆ ಮಗುವಿನ ಜನ್ಮದಿನ ತಿಳಿಯದಿದ್ದಾಗ ಶಿಕ್ಷಕರು ವಯಸ್ಸನ್ನು ಅಂದಾಜಿಸಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದು ನಾಡಿನ ಹಿರಿಯರೆಲ್ಲರಿಗೂ ಗೊತ್ತಿರುವ ಸಂಗತಿ. ಅಂದು ಅದು ಅನಿವಾರ್ಯವಾಗಿತ್ತು, ಇಂದು ಅಲ್ಲ. ಶಾಲಾ ದಾಖಲೆಗೂ ಜನನ ಪ್ರಮಾಣಪತ್ರಕ್ಕೂ ಹೊಂದಿಕೆಯಾಗದಿದ್ದಾಗ ಹಲವು ಪಾಲಕರು ಪ್ರಮಾಣಪತ್ರವನ್ನೇ ಶಾಲೆಯ ದಾಖಲೆಗೆ ತಕ್ಕಂತೆ ತಿದ್ದಿಸಲು ಹೊರಡುತ್ತಾರೆ. ಇದು ತಲೆಕೆಳಗಾದ ಕ್ರಮ. ಎರಡರಲ್ಲಿ ತಪ್ಪು ಯಾವುದೆಂಬುದನ್ನು ಮೊದಲು ನಿರ್ಧರಿಸಿ, ತಪ್ಪಿರುವುದನ್ನೇ ತಿದ್ದಿಸಬೇಕು. ಸರಿಯಾದುದನ್ನು ತಪ್ಪಿಗೆ ಹೊಂದಿಸಿದರೆ ಎರಡೂ ಸುಳ್ಳಾಗುತ್ತವೆ.

ಇದೆಲ್ಲವೂ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮುನ್ನವೇ ಮುಗಿಯುವುದು ಕ್ಷೇಮ. ಆ ಬಳಿಕ ಜನ್ಮದಿನಾಂಕದ ತಿದ್ದುಪಡಿ ಬಹು ಪ್ರಯಾಸದ ಕೆಲಸ. ರಾಜ್ಯ ಸರಕಾರದ ನೌಕರಿಯಲ್ಲಿ ಸೇವಾ ಪುಸ್ತಕಕ್ಕೆ ಏರಿದ ಜನ್ಮದಿನಾಂಕವನ್ನು ಬದಲಿಸಲು 1974ರ ಕಾಯಿದೆಯು ಮೂರೇ ವರ್ಷಗಳ ಅವಧಿಯನ್ನು ಕೊಡುತ್ತದೆ. ನಿವೃತ್ತಿ ಸಮೀಪಿಸಿದಾಗ ಎಚ್ಚೆತ್ತರೆ ಫಲವಿಲ್ಲ.

ಆದಕಾರಣ ಪ್ರವೇಶದ ದಿನ ಅರ್ಜಿಯಲ್ಲಿನ ಹೆಸರು, ತಂದೆತಾಯಿಯರ ಹೆಸರು ಹಾಗೂ ದಿನಾಂಕಗಳನ್ನು ಪ್ರಮಾಣಪತ್ರದೊಡನೆ ಹೋಲಿಸಿ ಪಾಲಕರಿಗೆ ಓದಿ ಹೇಳುವ ಪದ್ಧತಿಯನ್ನು ಶಿಕ್ಷಕ ಬಂಧುಗಳು ಇಟ್ಟುಕೊಳ್ಳಬೇಕು. ಓದಲು ಬಾರದ ತಾಯಿಗೆ ಈ ಎರಡು ನಿಮಿಷಗಳ ನೆರವು ದೊಡ್ಡ ಉಪಕಾರ. ಹಳೆಯ ವಿದ್ಯಾರ್ಥಿಗಳೂ ತಮ್ಮ ಊರುಗಳಲ್ಲಿ ಇಂಥ ಅರ್ಜಿಗಳನ್ನು ಬರೆದುಕೊಡುವ ಸೇವೆಗೆ ಮುಂದಾದರೆ, ತಾವು ಪಡೆದ ವಿದ್ಯೆಯ ಋಣವನ್ನು ಅಷ್ಟರಮಟ್ಟಿಗೆ ತೀರಿಸಿದಂತಾಗುವುದು.