ಕಾಡುಜೀವಿಗಳ ಸಾಕಣೆಯೂ ಸಂರಕ್ಷಣೆಯೂ

ಕಾಡುಜೀವಿಗಳನ್ನು ಕಾಪಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾಪಾಡುವ ಬಗೆಯಲ್ಲಿ ಮಾತ್ರ ಇದೆ. ಬೇಟೆಯನ್ನೂ ಮಾರಾಟವನ್ನೂ ಕಾಯಿದೆಯಿಂದ ತಡೆಯಬೇಕೆಂಬುದು ಒಂದು ಪಕ್ಷ. ಆ ಜೀವಿಗಳನ್ನು ಸಾಕಿ ನಾಲ್ಕು ಕಾಸು ಸಂಪಾದಿಸಲು ಅವಕಾಶವಿದ್ದರೆ ಜನರೇ ಅವನ್ನು ಕಾಯುವರೆಂಬುದು ಇನ್ನೊಂದು ಪಕ್ಷ. ಹಸುವಿನ ವಂಶವಾಗಲಿ ಕೋಳಿಯ ವಂಶವಾಗಲಿ ಅಳಿಯಲಿಲ್ಲವಷ್ಟೆ ಎಂಬುದು ಇವರ ವಾದ. ಇದರಲ್ಲಿ ಸತ್ಯವೆಷ್ಟೆಂಬುದನ್ನು ನಮ್ಮ ಜಿಲ್ಲೆಯವರಿಗೆ ಪರಿಚಿತವಾದ ಮೂರು ಜೀವಿಗಳ ಮೂಲಕ ವಿಚಾರಿಸೋಣ.

ಮೊದಲನೆಯದು ಮೊಸಳೆ. ಕುಂಬಳೆಯ ಸಮೀಪದ ಅನಂತಪುರ ಕ್ಷೇತ್ರದ ಸರೋವರದಲ್ಲಿ ವಾಸಿಸಿ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ಮೊಸಳೆಯನ್ನು ಬಲ್ಲದವರಾರು? ಅದರ ಬಂಧುವಾದ ಉಪ್ಪುನೀರಿನ ಮೊಸಳೆಯು ಉತ್ತರ ಆಸ್ಟ್ರೇಲಿಯದಲ್ಲಿ ತೊಗಲಿನ ವ್ಯಾಪಾರಕ್ಕೆ ಬಲಿಯಾಗಿ ಕೆಲವೇ ಸಾವಿರಕ್ಕೆ ಇಳಿದಿತ್ತು. 1971ರಲ್ಲಿ ಅಲ್ಲಿ ಬೇಟೆಯನ್ನು ನಿಷೇಧಿಸಲಾಯಿತು. ಸಂಖ್ಯೆ ಚೇತರಿಸಿಕೊಂಡ ಬಳಿಕ, 1980ರ ದಶಕದಿಂದ, ಪರವಾನಗಿ ಪಡೆದವರು ಗೂಡುಗಳಿಂದ ಮೊಟ್ಟೆಗಳನ್ನು ತಂದು ಮರಿಮಾಡಿ ಸಾಕತೊಡಗಿದರು. ನೆರೆನೀರಿನಲ್ಲಿ ಹೇಗೂ ಬಹುಪಾಲು ಮೊಟ್ಟೆಗಳು ಕೆಡುವುದರಿಂದ ಕಾಡಿನ ಮೊಸಳೆಗಳಿಗೆ ಇದರಿಂದ ಕುಂದುಂಟಾಗಲಿಲ್ಲ. ಮೊಟ್ಟೆಗೆ ಜಮೀನಿನ ಒಡೆಯನಿಗೂ ಹಣ ಸಲ್ಲುವುದರಿಂದ ಜೌಗುನೆಲವನ್ನು ಕೆಡಿಸದೆ ಉಳಿಸುವುದೇ ಅವನಿಗೆ ಲಾಭವಾಯಿತು. ಈಗ ಅಲ್ಲಿ ಸುಮಾರು ಒಂದು ಲಕ್ಷ ಮೊಸಳೆಗಳಿವೆ. ಆದರೆ ಮೊದಲು ಬಂದುದು ನಿಷೇಧ, ಆಮೇಲೆ ವ್ಯಾಪಾರ ಎಂಬುದನ್ನು ಮರೆಯಲಾಗದು. ನಮ್ಮ ದೇಶವು ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಕಾಯಿದೆಯು ತೊಗಲಿನ ವ್ಯಾಪಾರವನ್ನು ತಡೆಯಿತು. 1975ರಲ್ಲಿ ಆರಂಭವಾದ ಮೊಸಳೆ ಯೋಜನೆಯಲ್ಲಿ ಮರಿಗಳನ್ನು ಬೆಳೆಸಿ ನದಿಗಳಿಗೆ ಬಿಡಲಾಯಿತು.

ಎರಡನೆಯದು ನಮ್ಮ ತೋಟಗಳ ತುಡುವೆ ಜೇನು. ಹೆಜ್ಜೇನು ಬಯಲಿನಲ್ಲಿ, ಎತ್ತರದ ಕೊಂಬೆಗೆ ಒಂದೇ ಎರಿಯನ್ನು ಕಟ್ಟಿ, ಋತು ಬದಲಾದಾಗ ಹಾರಿಹೋಗುತ್ತದೆ, ಅದನ್ನು ಸಾಕುವಂತಿಲ್ಲ. ತುಡುವೆಯಾದರೋ ಮರದ ಪೊಟರೆಯ ಕತ್ತಲಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದರಿಂದ ಪೆಟ್ಟಿಗೆಗೂ ಒಗ್ಗುತ್ತದೆ. ಹಿಂದೆ ಹೊಗೆ ಹಾಕಿ, ಎರಿಗಳನ್ನು ಕತ್ತರಿಸಿ ಹಿಂಡುತ್ತಿದ್ದರು. ತುಪ್ಪದೊಡನೆ ಮರಿಹುಳುಗಳೂ ನಾಶವಾಗುತ್ತಿದ್ದುವು. 1911ರಿಂದ 1917ರ ವರೆಗೆ ಪಾದ್ರಿ ನ್ಯೂಟನ್ ಎಂಬವರು ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿ ದಕ್ಷಿಣ ಭಾರತದ ಹಳ್ಳಿಗರಿಗೆ ತರಬೇತಿ ನೀಡಿದರು. ಚೌಕಟ್ಟನ್ನು ಹೊರತೆಗೆದು, ಯಂತ್ರದಲ್ಲಿ ತಿರುಗಿಸಿ ತುಪ್ಪವನ್ನಷ್ಟೆ ಇಳಿಸಿ, ಎರಿಯನ್ನು ಹಾಗೆಯೇ ಮರಳಿ ಇಡುವ ಕ್ರಮ ಬಂದಿತು. ಕೊಲ್ಲುವುದಕ್ಕಿಂತ ಸಾಕುವುದೇ ಲಾಭಕರವಾಯಿತು.

ಆದರೆ ಸಾಕಿದ ಮಾತ್ರಕ್ಕೆ ಜೀವಿ ಉಳಿಯುವುದೆಂದು ತಿಳಿಯಬಾರದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕೇರಳ, ಕರ್ನಾಟಕಗಳ ಜೇನುಪೆಟ್ಟಿಗೆಗಳಲ್ಲಿ ಬಹುಪಾಲನ್ನು ಬರಿದುಮಾಡಿತು. ರೋಗವನ್ನು ತಾಳಿಕೊಂಡು ಪೆಟ್ಟಿಗೆಗಳಲ್ಲಿಯೂ ಕಾಡಿನ ಪೊಟರೆಗಳಲ್ಲಿಯೂ ಉಳಿದ ಕೆಲವೇ ಕುಟುಂಬಗಳಿಂದ ಜೇನು ಮರಳಿ ಹಬ್ಬಿತು. ಇಂದಿಗೂ ಅನೇಕ ಸಾಕಣೆಗಾರರು ಹೊಸ ಕುಟುಂಬಗಳನ್ನು ಕಾಡಿನಿಂದಲೇ ಹಿಡಿದು ತರುತ್ತಾರೆ. ಪೆಟ್ಟಿಗೆ ಬಡ್ಡಿಯಾದರೆ ಕಾಡು ಅಸಲು. ಇನ್ನೊಂದು ಪಾಠ ನಮ್ಮ ಜಿಲ್ಲೆಯದೇ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಮನುಷ್ಯರಿಗೆ ಒದಗಿದ ಸಂಕಟ ಎಲ್ಲರಿಗೂ ತಿಳಿದುದೇ. ಅಲ್ಲಿ ಜೇನುನೊಣಗಳೂ ಸತ್ತುವು. ಗಾಳಿಯೇ ವಿಷವಾದಾಗ ಪೆಟ್ಟಿಗೆಯ ಗೋಡೆ ಯಾವ ರಕ್ಷೆ ನೀಡೀತು?

ಮೂರನೆಯದು ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆ. ಇಲ್ಲಿನ ಮಲೆಯಾಳಿಗಳು ಇದನ್ನು ‘ಭೀಮನಾಮ’ ಎನ್ನುತ್ತಾರೆ. ಮರಳಿನಲ್ಲಿ ಹುದುಗಿ ಕಣ್ಣು ಮೂಗುಗಳನ್ನಷ್ಟೆ ಹೊರಗಿಟ್ಟು ಬೇಟೆಗಾಗಿ ಕಾಯುವ ಈ ಪ್ರಾಣಿ ಅಳಿವಿನ ಅಂಚಿನಲ್ಲಿದೆ. 2023ರಲ್ಲಿ ಇದನ್ನು ಕಾಸರಗೋಡು ಜಿಲ್ಲೆಯ ಪ್ರಾಣಿಯೆಂದು ಘೋಷಿಸಲಾಯಿತು. ಮಾಂಸಕ್ಕಾಗಿ ಇದನ್ನು ಸಾಕಬಾರದೇಕೆ ಎಂದು ಯಾರಾದರೂ ಕೇಳಬಹುದು. ಆಮೆ ಬೆಳೆದು ಮೊಟ್ಟೆಯಿಡಲು ವರ್ಷಗಳೇ ಬೇಕು. ಅಷ್ಟು ಕಾಲ ಮೇವು ಹಾಕಿ ಸಾಕುವುದಕ್ಕಿಂತ ಹೊಳೆಯಿಂದ ಹಿಡಿದು ತಂದು, ಸಾಕಿದ್ದೆಂದು ಹೇಳಿ ಮಾರುವುದು ಸುಲಭ. ಸಾಕಣೆಯು ಇಲ್ಲಿ ಕಳ್ಳತನಕ್ಕೆ ಮರೆಯಾದೀತು. ಕಾಯಿದೆಯೂ ಅದನ್ನು ಒಪ್ಪುವುದಿಲ್ಲ. ಹೊಳೆಯ ದಡದ ಜನರು ಗೂಡುಗಳ ಸುಳಿವು ನೀಡಿ, ನೆರೆಗೆ ಸಿಕ್ಕುವ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ಹೊಳೆಗೆ ಬಿಡಲು ನೆರವಾಗುವುದೇ ಇಲ್ಲಿ ಫಲಿಸಿದ ಮಾರ್ಗ.

ಈ ಮೂರು ದೃಷ್ಟಾಂತಗಳಿಂದ ತಿಳಿಯುವುದಿಷ್ಟು. ಸಾಕಣೆಯು ಸಂರಕ್ಷಣೆಯಾಗಬೇಕಾದರೆ, ಒಂದನೆಯದಾಗಿ, ಆ ಜೀವಿ ಬೇಗ ಹೆಚ್ಚುವಂತಹದಾಗಿರಬೇಕು. ಎರಡನೆಯದಾಗಿ, ಕಾಡಿನಿಂದ ಕದಿಯುವುದಕ್ಕಿಂತ ಸಾಕುವುದು ಸುಲಭವಾಗಿರಬೇಕು. ಮೂರನೆಯದಾಗಿ, ಬಂದ ಲಾಭವು ಜೀವಿಯ ಸಹಜ ನೆಲೆಯನ್ನು ಕಾಯಲು ಪ್ರೇರಣೆಯಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬರಿಯ ವ್ಯಾಪಾರವಾಗುತ್ತದೆ.

ಅನುಕೂಲವಿರುವ ಮನೆಗಳಲ್ಲಿ ತಾಯಿತಂದೆಗಳು ಒಂದೆರಡು ಜೇನುಪೆಟ್ಟಿಗೆಗಳನ್ನು ಇಡಬಹುದು. ಅದರಿಂದ ತುಪ್ಪವೂ ದೊರೆಯುವುದು, ತೆಂಗಿನ ಹೊಂಬಾಳೆಗೂ ತರಕಾರಿಯ ಹೂವಿಗೂ ಪರಾಗಸ್ಪರ್ಶವೂ ಆಗುವುದು. ಆದರೆ ಪೆಟ್ಟಿಗೆಯಿಟ್ಟವರು ಗುಡ್ಡದ ಹಳೆಯ ಪೊಟರೆಮರವನ್ನು ಕಡಿಯದಿರಲಿ. ವಿದ್ಯಾರ್ಥಿಗಳು ಎರಿಗೆ ಬೆಂಕಿ ತೋರದಿರಲಿ, ಕಲ್ಲೆಸೆಯದಿರಲಿ. ನಾಳೆ ಪೆಟ್ಟಿಗೆ ಬರಿದಾದರೆ ಅದನ್ನು ತುಂಬತಕ್ಕ ಜೇನು ಆ ಮರದಿಂದಲೇ ಬರಬೇಕಾಗಿದೆ.